ನಾಲಿಗೆಗೆ ಸಿಗದ ಗೀರು

ಕಟ್ಟುಹಲ್ಲು ಮಾಡುವುದು ಅವನ ಕಸುಬು. ಆ ಬೀದಿಯಲ್ಲಿ ಅರ್ಧ ಜನ ಬಾಯ್ತುಂಬ ನಗುತ್ತಿದ್ದದ್ದೇ ಅವನ ಕೃಪೆಯಿಂದ. ಉಜ್ಜಿ ನುಣುಪು ಮಾಡಿದ ಹಲ್ಲಿನ ಸೆಟ್ಟನ್ನು ಕದ್ದು ನಾಲಿಗೆಯಿಂದ ಸವರಿ ನೋಡಿ, ಆಮೇಲೆ ಚೆನ್ನಾಗಿ ತೊಳೆದು ಕಳಿಸುತ್ತಿದ್ದ. ಬೆರಳಿಗೆ ಸಿಗದ ಗೀರೂ ನಾಲಿಗೆಗೆ ಸಿಗುತ್ತದೆ ಎಂಬುದು ಅವನ ವಾದ. ಕೆಲಸ ಕೊಟ್ಟ ಹಲ್ಲಿನ ಡಾಕ್ಟರಿಗೆ ಗೊತ್ತಾಗಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು, ಅದು ಬೇರೆ ಮಾತು.

ಅವನ ಅಕ್ಕ ಒಂದು ಕಾಲದಲ್ಲಿ ಹಿಮದ ಇಳಿಜಾರಿನಲ್ಲಿ, ಕಾಲಿಗೆ ಕಟ್ಟುವ ಉದ್ದನೆಯ ಸ್ಕೀ ಹಲಗೆಗಳ ಮೇಲೆ ಜಾರುತ್ತಾ ಬಂದರೆ ಗಂಡಸರು ದಾರಿ ಬಿಡುತ್ತಿದ್ದರು. ಒಮ್ಮೆ ಬಿದ್ದಳು, ಕಾಲು ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. ಸ್ಕೀಗಳನ್ನು ಯಾರಿಗೋ ಕೊಟ್ಟುಬಿಟ್ಟು, ಚಳಿಗಾಲವೆಲ್ಲ ಕಿಟಕಿಯ ಮುಂದೆ ಕುಳಿತಳು. ಕೇಳಿದರೆ, "ಸ್ಕೀ ಎಲ್ಲಿದೆ ಹೋಗೋಕೆ?" ಅನ್ನುತ್ತಿದ್ದಳು. ತಮ್ಮನಿಗೆ ತಡೆಯಲಾಗಲಿಲ್ಲ. ನಾನೇ ಮಾಡಿಕೊಡುತ್ತೇನೆ, ಆಮೇಲೆ ಯಾವ ನೆಪ ಹೇಳುತ್ತಾಳೋ ನೋಡೋಣ ಎಂದು ಹಟ ಹಿಡಿದ.

ಮರ ಕೊರೆದು, ಪದರ ಅಂಟಿಸಿ, ಒತ್ತಿಟ್ಟು, ಅಂಚು ಕತ್ತರಿಸುವವರೆಗೂ ಎಲ್ಲ ಸುಸೂತ್ರ. ಉಳಿದದ್ದು ಮರದ ಎರಡೂ ಪಕ್ಕ ಕಾಯುವ ಪ್ಲಾಸ್ಟಿಕ್ ಪಟ್ಟಿ. ಅದರ ಮೈ ಇಲಿ ಕಡಿದ ಹಾಗೆ ಒರಟಾಗಿತ್ತು. ದಿನವೂ ಪ್ಲಾಸ್ಟಿಕ್ ಹಲ್ಲು ಉಜ್ಜುವ ನನಗೆ ಇದು ಯಾವ ಲೆಕ್ಕ ಎಂದು ಹಲ್ಲು ಹೊಳಪಿಸುವ ಚಕ್ರಕ್ಕೆ ಹಿಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿಯ ಮೇಲ್ಮೈ ಕರಗಿ, ಎಳೆಎಳೆಯಾಗಿ ಚಕ್ರಕ್ಕೆ ಸುತ್ತಿಕೊಂಡಿತು. ಊರಿನವರ ಬಾಯಿ ತೆರೆಸಿ ಬದುಕಿದವನ ಬಾಯಿ ತಾನಾಗಿ ತೆರೆದುಕೊಂಡಿತು.

ಆಮೇಲೆ ಚಕ್ರದ ಸುದ್ದಿಗೆ ಹೋಗಲಿಲ್ಲ. ಚೂಪಾದ ಉಕ್ಕಿನ ತಗಡನ್ನು ಸ್ವಲ್ಪ ಓರೆಯಾಗಿ ಹಿಡಿದು, ಪಟ್ಟಿಯನ್ನು ಸ್ಕೀಯ ತುದಿಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ಹೆರೆಯುತ್ತಿದ್ದ. ನಡುವೆ ಕೈ ನಿಂತರೆ ಅಲ್ಲೊಂದು ಮೆಟ್ಟಿಲು ಉಳಿಯುತ್ತಿತ್ತು. ಕರಗಿದ್ದೆಲ್ಲ ಸುರುಳಿ ಸುರುಳಿಯಾಗಿ ಹೋದ ಮೇಲೆ ನೀರು ಹಚ್ಚಿ ಉಜ್ಜುಕಾಗದ, ಮೊದಲು ಒರಟು, ಆಮೇಲೆ ನಯ. ಕೊನೆಗೆ ನಾಲಿಗೆ. ಅದೇ ಹೊತ್ತಿಗೆ ಹೆಂಡತಿ ಒಳಗೆ ಬಂದು ಬೆಚ್ಚಿಬಿದ್ದಳು.

"ರೀ, ಊಟ ಮೇಜಿನ ಮೇಲಿದೆ! ಅದನ್ನ್ಯಾಕೆ ನೆಕ್ತಿದ್ದೀರಾ?"

ಮರುದಿನ ಬೆಳಿಗ್ಗೆ ಅಕ್ಕನ ಮನೆ ಬಾಗಿಲಲ್ಲೇ ಸ್ಕೀಗಳನ್ನು ಕೈಗಿಟ್ಟ. ಪಕ್ಕದ ಪಟ್ಟಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಅವಳು ಬಹಳ ಹೊತ್ತು ಸವರಿದಳು. ಆಮೇಲೆ ಮೆಲ್ಲಗೆ ಗೋಡೆಗೆ ಒರಗಿಸಿದಳು.

"ಎಷ್ಟು ಚೆನ್ನಾಗಿದೆಯೋ! ಇದನ್ನ ಹಾಕ್ಕೊಂಡು ಬಿದ್ದು ಹಾಳು ಮಾಡ್ಲಾ? ಬೇಡಪ್ಪ. ಇಲ್ಲೇ ನೇತುಹಾಕ್ತೀನಿ."

ಅವನಿಗೆ ಸಿಡಿಲು ಬಡಿದಂತಾಯಿತು. ಇಷ್ಟೆಲ್ಲ ಉಜ್ಜಿ ಉಜ್ಜಿ ಅವಳಿಗೆ ಹೊಸದೊಂದು ನೆಪ ಮಾಡಿಕೊಟ್ಟಿದ್ದ! ದುಃಖ ಉಕ್ಕಿತು, ಸಿಟ್ಟೂ ಬಂತು. ಒಂದು ಸ್ಕೀಯನ್ನು ಎತ್ತಿಕೊಂಡು ಹೊರಗಿನ ಕಲ್ಲಿನ ಮೆಟ್ಟಿಲಿಗೆ ಒತ್ತಿ, ತುದಿಯಿಂದ ಬಾಲದವರೆಗೆ ಕರ್‌ ಎಂದು ಎಳೆದುಬಿಟ್ಟ.

"ಹುಚ್ಚು ಹಿಡೀತೇನೋ ನಿನಗೆ?" ಅಕ್ಕ ಕಿರುಚಿದಳು.

ಅಕ್ಕ ಸ್ಕೀ ಕಿತ್ತುಕೊಂಡು ಗೀರಿನ ಮೇಲೆ ಬೆರಳಾಡಿಸಿದಳು. ತಮ್ಮನ ಮುಖ ನೋಡಿದಳು, ಮತ್ತೆ ಗೀರು ನೋಡಿದಳು.

"ಇನ್ನೊಂದನ್ನ ಮುಟ್ಟಬೇಡ," ಎಂದಳು. "ಅದನ್ನ ನಾನೇ ಗೀರ್ತೀನಿ, ಮೇಲೆ ಗುಡ್ಡದಲ್ಲಿ. ನನ್ನ ಸ್ಕೀ ಬೂಟು ಅಟ್ಟದ ಮೇಲಿದೆ, ಇಳಿಸು."