ಅರ್ಧ ಸ್ವರ ತಗ್ಗಿಸಿದ ಭಾನುವಾರ

ಜಬಿ, ಆವತ್ತು ನಿನ್ನ ಕಿವಿಗೆ ಏನೂ ಆಗಿರಲಿಲ್ಲ. ಸಂಗೀತದ ಫೈಲನ್ನು ಕೆಡಿಸಿದವನು ನಾನು. ಕೆಡಿಸಿಟ್ಟು, ನಿನ್ನ ಕಿವಿಯೇ ಕೆಡುತ್ತಿದೆ ಎಂದು ನಿನ್ನನ್ನು ನಂಬಿಸಿದವನೂ ನಾನೇ.

ಇಷ್ಟನ್ನು ಹೇಳುವುದಕ್ಕೆ ವರ್ಷಗಳೇ ಹಿಡಿದವು. ಎಷ್ಟೋ ಸಲ ಶಿವಾಜಿನಗರದ ನಿಮ್ಮ ಗಲ್ಲಿಯ ತನಕ ಬಂದು, ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದು ವಾಪಸ್ ಹೋಗಿದ್ದೇನೆ. ಎದುರಿಗೆ ಬಂದರೆ ನೀನು ನಗುತ್ತೀಯ, "ಬಾರೋ ರಘು" ಅನ್ನುತ್ತೀಯ — ಆಮೇಲೆ ನನ್ನ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಸಹಿಸಿಕೋ.

ನಮಗೆಲ್ಲ ಮೇಷ್ಟ್ರ ಹುಚ್ಚು. ಸಿನಿಮಾಕ್ಕೆ ಸಂಗೀತ ಕೊಡುವ ಒಬ್ಬರನ್ನು, ಮುಖಾಮುಖಿ ಒಮ್ಮೆಯೂ ನೋಡದೆ, ಮೇಷ್ಟ್ರು ಎಂದು ಕರೆಯುತ್ತಿದ್ದ ಗುಂಪು ನಮ್ಮದು. ಅವರ ಸಂಗೀತದ ದೆವ್ವದ ಚಿತ್ರ ಬಂತು, ಅದು ಗೆದ್ದು ಎರಡನೆಯ ಭಾಗವೂ ಬಂತು. ಅಲ್ಲಿಂದ ನಮ್ಮ ಭಾನುವಾರದ ಬೆಳಗುಗಳೆಲ್ಲ ಹಲಸೂರಿನ ನಮ್ಮ ಮನೆಯ ಮಹಡಿಯಲ್ಲೇ ಕಳೆದವು. ಯಾವ ಭಾಗದ ಹಿನ್ನೆಲೆ ಸಂಗೀತ ಮೇಲು? ಚಿತ್ರದಲ್ಲಿ ಕೇಳಿದ ತುಣುಕು ಆಲ್ಬಂನಲ್ಲಿ ಯಾಕಿಲ್ಲ? ಇದ್ದರೂ ಯಾಕೆ ಬೇರೆ ಥರ ಇದೆ? ಬಾಯಿ ನೋಯುವಷ್ಟು ಜಗಳ. ದೋಸೆ ತಂದಿಡುತ್ತಾ ನಮ್ಮಮ್ಮ, "ದೆವ್ವಗಳೂ ಇಷ್ಟು ಕಿತ್ತಾಡಲ್ಲ ಕಣ್ರೋ" ಅನ್ನುತ್ತಿದ್ದಳು.

ನಮ್ಮದೇ ಒಂದು ಆಟವೂ ಇತ್ತು. ಒಬ್ಬ ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಉಳಿದವರು ಒಂದು ತುಣುಕು ಹಾಕುತ್ತಾರೆ. ಒಂದನೇ ಭಾಗದ್ದೋ ಎರಡನೆಯದೋ, ಚಿತ್ರದ್ದೋ ಆಲ್ಬಂನದೋ — ಅವನು ಹೇಳಬೇಕು. ನಾವೆಲ್ಲ ತಡವರಿಸುತ್ತಿದ್ದೆವು. ನೀನು ಮಾತ್ರ ತುಣುಕು ಶುರುವಾಗುತ್ತಿದ್ದ ಹಾಗೇ ಹೇಳಿಬಿಡುತ್ತಿದ್ದೆ, ಅದೂ ದೋಸೆ ಅಗಿಯುತ್ತಾ. ಒಮ್ಮೆಯೂ ತಪ್ಪಿದವನಲ್ಲ.

ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನು ಮುಚ್ಚುಮರೆ ಯಾಕೆ? ಮೇಷ್ಟ್ರ ಒಂದೊಂದು ಆಲ್ಬಂ ಕೊಂಡವನು ನಾನು. ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ದುಡಿದದ್ದನ್ನೆಲ್ಲ ಹೆಡ್‌ಫೋನಿಗೆ, ಸ್ಪೀಕರಿಗೆ ಸುರಿದವನು ನಾನು. ಅಭಿಮಾನಿಗಳ ಪುಟಕ್ಕೆ ಉದ್ದುದ್ದ ಹೋಲಿಕೆ ಬರೆಯುತ್ತಿದ್ದವನೂ ನಾನೇ. ನಿನ್ನ ಹತ್ತಿರ ಇದ್ದದ್ದು ಗಾಜು ಒಡೆದ ಒಂದು ಮೊಬೈಲು. ಆದರೂ ನಾನು ಬರೆದದ್ದರ ಕೆಳಗೆ ಜನ ಕೇಳುತ್ತಿದ್ದದ್ದು — "ಜಬಿ ಏನಂದ?"

ಎರಡೂ ಭಾಗಗಳಲ್ಲಿ ಬರುವ ಆ ಜೋಗುಳ — ಮಾತಿಲ್ಲದ, ಬರೀ ಗುನುಗು — ಅದರ ಬಗ್ಗೆ ನೀನು ಹೇಳಿದ್ದು ನನಗಿನ್ನೂ ಬಾಯಿಪಾಠ. "ಮೊದಲ್ನೇದ್ರಲ್ಲಿ ಮೇಷ್ಟ್ರು ನಮ್ಮನ್ನ ಹೆದರಿಸ್ತಾರೆ ಮಗಾ, ಜೋಗುಳ ಅರ್ಧಕ್ಕೇ ನಿಲ್ಲಿಸ್ತಾರೆ. ಎರಡನೇದ್ರಲ್ಲಿ ಆ ದೆವ್ವನ್ನ ಕಂಡ್ರೆ ಅವ್ರಿಗೇ ಅಯ್ಯೋ ಪಾಪ ಅನ್ಸಿದೆ. ಅದಕ್ಕೇ ಪೂರ್ತಿ ಹಾಡಿಸಿದಾರೆ, ಕೇಳು." ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ ನಾನು. ಅದು ಅರ್ಧಕ್ಕೆ ನಿಲ್ಲುತ್ತದೆ ಎನ್ನುವುದೇ ನನಗೆ ಹೊಳೆದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆಮೇಲೆ ಡೇವಿಡಣ್ಣ ಆ ಸುದ್ದಿ ತಂದ. ಇಂದಿರಾನಗರದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಅವನೇ ನಮ್ಮ ಗುಂಪಿಗೆ ಹಿರಿಯ. ಎರಡೂ ಭಾಗಗಳ ಹಿನ್ನೆಲೆ ಸಂಗೀತ ಪೂರ್ತಿಯಾಗಿ, ಹೊಸದಾಗಿ ಹೊರಬರಲಿದೆ. ಹಳೆಯ ಮುದ್ರಣಗಳನ್ನೆಲ್ಲ ಕೇಳಿ ಯಾವುದು ಎಲ್ಲಿಯದೆಂದು ಬೇರ್ಪಡಿಸುವವರು ಬೇಕು. "ಕಿವಿ ಇರೋ ಹುಡುಗನ್ನ ಕೇಳ್ತಿದಾರೆ. ನಾನು ಜಬಿ ಹೆಸ್ರು ಹೇಳಿದೀನಿ," ಎಂದ. ಹಾಗೆನ್ನುವಾಗ ಅವನ ಕೈ ನನ್ನ ಹೆಗಲ ಮೇಲಿತ್ತು. ನಾನು "ಸೂಪರ್ ಅಣ್ಣ" ಎಂದೆ. ನಿನ್ನನ್ನು ತಬ್ಬಿಕೊಂಡೆ ಕೂಡ.

ನೀನು ಸ್ಟುಡಿಯೋಗೆ ಹೋಗಬೇಕಾಗಿದ್ದ ವಾರದ ಭಾನುವಾರ ಅದು. ಡೇವಿಡಣ್ಣ ಕೆ.ಆರ್. ಪುರಕ್ಕೆ ಯಾವುದೋ ಮದುವೆಗೆ ಹೋಗಿದ್ದ. ಹಿಂದಿನ ದಿನವೇ ನಾನು ಎರಡನೇ ಭಾಗದ ಆಲ್ಬಂನ ಜೋಗುಳವನ್ನು ಕಂಪ್ಯೂಟರಿನಲ್ಲಿ ಅರ್ಧ ಸ್ವರ ಕೆಳಗಿಳಿಸಿ ಇಟ್ಟುಕೊಂಡಿದ್ದೆ. ನೀನು ಆಟದಲ್ಲಿ ಒಂದು ಸಲ ಸೋಲಲಿ, ಅಷ್ಟೇ ನನ್ನ ಆಸೆಯಾಗಿತ್ತು ಎಂದು ಈಗ ಬರೆಯಬಹುದು. ಸುಳ್ಳು. ಅಷ್ಟೇ ಆಗಿದ್ದರೆ ಡೇವಿಡಣ್ಣ ಇಲ್ಲದ ದಿನವನ್ನೇ ಯಾಕೆ ಆರಿಸುತ್ತಿದ್ದೆ?

ನೀನು ಗೋಡೆಗೆ ಮುಖ ಮಾಡಿ ಕೂತೆ. "ಎರಡನೇ ಭಾಗ, ಆಲ್ಬಂದು..." ಎಂದವನು ತಡೆದೆ. "ತಗ್ಗಿದೆ ಅಲ್ವಾ? ಇನ್ನೊಂದ್ಸಲ ಹಾಕು." ಹಾಕಿದೆ. "ತಗ್ಗಿದೆ ಕಣೋ." ನಾನು ಉಳಿದವರ ಕಡೆ ತಿರುಗಿ, "ನಿಮ್ಗೇನಾದ್ರೂ ಹಂಗನ್ಸುತ್ತಾ?" ಎಂದು ಕೇಳಿದೆ. "ಇಲ್ಲ ಗುರು, ಸರಿಯಾಗೇ ಇದೆಯಲ್ಲ" ಎಂದರು. ಅವರದು ಸುಳ್ಳಲ್ಲ. ಅವರ ಕಿವಿಯೂ ನನ್ನ ಕಿವಿಯಂಥದೇ.

ನೀನು ತಿರುಗಿದಾಗ, ನಿನಗೆ ಯಾರು ನೆನಪಾದರೆಂದು ಮುಖ ನೋಡಿಯೇ ನನಗೆ ಗೊತ್ತಾಯಿತು. ನಿಮ್ಮ ಅಬ್ಬಾ — ಜೀವಮಾನವೆಲ್ಲ ಗ್ಯಾರೇಜಿನಲ್ಲಿ ನೆಗ್ಗಿದ ಕಾರಿನ ಬಾಗಿಲುಗಳನ್ನು ಬಡಿದು ಬಡಿದು ನೇರ ಮಾಡಿ, ಕಿವಿ ಕಳೆದುಕೊಂಡವರು. ಅವರಿಗೆ ಏನಾದರೂ ಹೇಳಬೇಕಾದರೆ ತೋಳು ಹಿಡಿದು ಕೂಗಬೇಕು. ಅವರಿಗೆ ಊಟ ಕೊಡಲು ಹೋಗುವಾಗಲೂ ನೀನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ಇದೆಲ್ಲ ನನಗೆ ಗೊತ್ತಿತ್ತು.

ಮೆಟ್ಟಿಲು ಇಳಿಯುವಾಗ ನೀನು ನನ್ನ ಕೈ ಹಿಡಿದು ಕೇಳಿದೆ: "ಮನೇಲಿ ಕೇಳ್ದಾಗ ಸರಿಯಾಗೇ ಇತ್ತು ರಘು. ಈಗ್ಯಾಕೆ ಹಿಂಗೆ? ಅಬ್ಬಾಗೂ ಹಿಂಗೇ ಶುರುವಾಗಿದ್ದಾ? ನಿಜ ಹೇಳೋ."

ಆಗಲೇ ಹೇಳಬಹುದಿತ್ತು. ತಮಾಷೆ ಮಾಡಿದೆ ಕಣೋ ಎಂದಿದ್ದರೆ ನೀನು ಬೆನ್ನಿಗೊಂದು ಗುದ್ದಿ, ನಕ್ಕು, ಇಂದಿರಾನಗರಕ್ಕೆ ಹೋಗುತ್ತಿದ್ದೆ. ನಾನು ಹೇಳಿದ್ದೇನು — "ಮೊದಮೊದ್ಲು ಹಂಗೇ ಕಣೋ, ಬಂದು ಹೋಗ್ತಿರುತ್ತೆ. ನಮ್ಮ ಮಾವಂಗೂ ಹಿಂಗೇ ಆಗಿತ್ತು."

ನನಗೆ ಅಂಥ ಮಾವನೇ ಇಲ್ಲ, ಜಬಿ.

ನೀನು ಡಾಕ್ಟರ ಹತ್ತಿರ ಹೋದೆ. ಅವರು ಎಲ್ಲ ಸರಿ ಇದೆ ಎಂದರು. "ಅವ್ರ ಮಿಷಿನ್ನು ಬೀಪ್ ಕೇಳ್ಸುತ್ತಾ ಅಂತ ನೋಡುತ್ತೆ ಅಷ್ಟೇ. ಸ್ವರ ಅದಕ್ಕೇನು ಗೊತ್ತು?" ಎಂದೆ ನೀನು. ಡಾಕ್ಟರಿಗಿಂತ ನನ್ನನ್ನು ನಂಬಿದೆ. ಸ್ಟುಡಿಯೋದಲ್ಲಿ ಮರ್ಯಾದೆ ಹೋಗುತ್ತದೆಂದು ಅತ್ತ ತಲೆಯೇ ಹಾಕಲಿಲ್ಲ. ಡೇವಿಡಣ್ಣ ಬೇಜಾರು ಮಾಡಿಕೊಂಡ. ಇನ್ನು ನನ್ನನ್ನು ಕರೆಯುತ್ತಾರೆಂದು ನಾನು ಫೋನು ನೋಡುತ್ತಾ ಕೂತೆ. ಯಾರೂ ಕರೆಯಲಿಲ್ಲ. ಚೆನ್ನೈನಿಂದ ಬೇರೆ ಯಾರೋ ಬಂದರು.

ಹೊಸ ಆಲ್ಬಂ ಬಂತು. ಅರ್ಧಕ್ಕೆ ನಿಲ್ಲುವ ಜೋಗುಳವನ್ನು ಅದರಲ್ಲಿ ಎರಡನೇ ಭಾಗಕ್ಕೆ ಸೇರಿಸಿಬಿಟ್ಟಿದ್ದರು. ನಾನು ತಕ್ಷಣ ಹಿಡಿದೆ — ನೀನು ಹೇಳಿಕೊಟ್ಟಿದ್ದರಿಂದ. ಅಭಿಮಾನಿಗಳ ಪುಟಕ್ಕೆ ಬರೆದೆ, ನಿನ್ನ ಹೆಸರು ಹಾಕಲಿಲ್ಲ. "ಏನ್ ಕಿವಿ ಗುರು ನಿಂದು!" ಎಂದರು ಜನ. ಅದನ್ನು ಮತ್ತೆ ಮತ್ತೆ ಓದಿಕೊಂಡೆ.

ಹೋದ ತಿಂಗಳು ಗ್ಯಾರೇಜಿಗೆ ಬಂದಿದ್ದೆನಲ್ಲ. ಅಬ್ಬಾನ ಜಾಗದಲ್ಲಿ ಕೂತು ನೀನು ಕಾರಿನ ಬಾಗಿಲು ಬಡಿಯುತ್ತಿದ್ದೆ. ಕಿವಿಯಲ್ಲಿ ಹತ್ತಿ ಇರಲಿಲ್ಲ. ಯಾಕೋ ಎಂದು ಕೇಳಿದ್ದಕ್ಕೆ, "ಹೆಂಗೂ ಹೋಗ್ತಿರೋ ಕಿವಿ ಮಗಾ, ಹತ್ತಿ ಯಾಕೆ?" ಎಂದು ನೀನು ನಕ್ಕೆ. ನನ್ನ ಸುಳ್ಳನ್ನು ನೀನು ದಿನವೂ ಬಡಿದು ಬಡಿದು ನಿಜ ಮಾಡುತ್ತಿದ್ದೆ, ಅದೂ ನಗುನಗುತ್ತಾ.

ನಿನ್ನೆ ಮೂರನೇ ಭಾಗದ ಆಲ್ಬಂ ಬಂತು. ನಿನ್ನ ಧ್ವನಿ ಸಂದೇಶವೂ ಬಂತು: "ಜೋಗುಳ ಇದ್ಯಾ ಮಗಾ? ಏನ್ ಮಾಡಿದಾರೆ ಅದನ್ನ? ನೀನೇ ಕೇಳಿ ಹೇಳು, ನನ್ನ ಕಿವಿ ನಂಬಂಗಿಲ್ಲ." ಅದನ್ನು ಕೇಳಿ ಒಂದು ಕ್ಷಣ ನನಗೆ ಖುಷಿಯಾಯಿತು. ಹೌದು, ಇಷ್ಟೆಲ್ಲ ಆದ ಮೇಲೂ. ಆ ಖುಷಿಗೆ ಹೆದರಿಯೇ ಇವತ್ತು ಬರೆಯಲು ಕೂತೆ.

ಆ ಫೈಲನ್ನು ನಾನು ಅಳಿಸಿಲ್ಲ. ನಾಳೆ ಬೆಳಗ್ಗೆ ನೀನು ಸುತ್ತಿಗೆ ಹಿಡಿಯುವ ಮೊದಲೇ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಡುತ್ತೇನೆ, ಓದು. ಬೈಯಬೇಕಾದ್ದನ್ನು ಬೈಯಿ, ಹೊಡೆಯಬೇಕೆನಿಸಿದರೆ ಹೊಡೆ. ಕ್ಷಮಿಸು ಎಂದು ಕೇಳುವುದಿಲ್ಲ. ಆಮೇಲೆ, ಇನ್ನು ನನ್ನ ಮುಖ ನೋಡದಿದ್ದರೂ ಸರಿ, ಎರಡು ತುಣುಕು ಹಾಕುತ್ತೇನೆ, ಕೇಳು. ಒಂದು ಮೇಷ್ಟ್ರದು, ಒಂದು ನಾನು ಕೆಡಿಸಿದ್ದು. ಯಾವುದು ತಗ್ಗಿದೆ ಎಂದು ನೀನೇ ಹೇಳಬೇಕು. ಈ ಸಲ ಗೋಡೆಗೆ ಮುಖ ಮಾಡಿ ಕೂರುವವನು ನಾನು.

ನಿನಗೆ ಇನ್ನೂ ಕೇಳಿಸುತ್ತದೆ ತಾನೇ, ಜಬಿ?