ಪಕ್ಕದ ತೊಟ್ಟಿಯ ಕಿಣ್ವ

ಬೆಳಗಿನ ಐದೂವರೆ. ಸೂರತ್ ಹೊರವಲಯದ ಸಚಿನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಐವತ್ತೊಂದರ ಉಮಾಕಾಂತ ಟಾರ್ಚ್ ಹಿಡಿದು ತೊಟ್ಟಿಯೊಳಗೆ ಇಣುಕುತ್ತಾರೆ. ದ್ರಾವಣ ತಿಳಿಯಾಗಿದೆ. ಒಂದು ಮುಷ್ಟಿ ಬೀಜದ ಹರಳು ಉದುರಿಸಿ ಗಡಿಯಾರ ನೋಡಿಕೊಳ್ಳುತ್ತಾರೆ. ಸರಿಯಾಗಿ ನಲವತ್ತು ನಿಮಿಷಕ್ಕೆ ಸೋಸಬೇಕು.

ಗದುಗಿನ ಇವರು ಹತ್ತೊಂಬತ್ತು ವರ್ಷಗಳಿಂದ ಔಷಧಕ್ಕೆ ಬೇಕಾದ ಅಮೈನೊ ಆಮ್ಲವೊಂದನ್ನು ಬರೀ ರಾಸಾಯನಿಕಗಳಿಂದ ತಯಾರಿಸುತ್ತಿದ್ದಾರೆ. ಹಾಗೆ ಮಾಡಿದಾಗ ಎಡಗೈ ಬಲಗೈಗಳಂತೆ ಎರಡು ರೂಪಗಳು ಸಮಸಮ ಹುಟ್ಟುತ್ತವೆ; ಬೇಕಾದದ್ದು ಒಂದೇ. ಬೇಕಾದ ರೂಪದ ಹರಳನ್ನೇ ಬೀಜವಾಗಿ ಉದುರಿಸಿದರೆ ಅದು ತನ್ನ ರೂಪವನ್ನೇ ಮೊದಲು ಹರಳಾಗಿಸಿ ಕೆಳಗಿಳಿಸುತ್ತದೆ. ತಡವಾದರೆ ಬೇಡದ್ದೂ ಇಳಿದು ಮಾಲು ಕೆಡುತ್ತದೆ. ಪಾಳಿಗೆ ನಾಲ್ಕು ಸಲ ಈ ಕಾವಲು, ಅರವತ್ತು ಕಿಲೊ ಹರಳು. ಅಮೋನಿಯಾ ಗಾಳಿ ಕುಡಿದು ಕುಡಿದು ಮೂಗಿಗೆ ಬೇರೆ ವಾಸನೆಯೇ ಹತ್ತುವುದಿಲ್ಲ.

ಕಳೆದ ವರ್ಷ ಪಕ್ಕದಲ್ಲೇ ಹೊಸ ತೊಟ್ಟಿ ಬಂತು, ಅದನ್ನು ನಡೆಸಲು ಮೈಸೂರಿನ ನಳಿನಿಯೂ ಬಂದಳು. ಅಲ್ಲಿ ದುಡಿಯುವುದು ಕಿಣ್ವ. ಬೇಕಾದ ರೂಪವನ್ನಷ್ಟೇ ಮಾಡುತ್ತದೆ, ನಾತವೂ ಇಲ್ಲ. 2003ರ ಈ ಮಾರ್ಚ್ ಕೊನೆಗೆ ಎರಡರಲ್ಲೊಂದನ್ನು ಮುಚ್ಚುವುದೆಂದು ಮ್ಯಾನೇಜರ್ ಹೇಳಿಯಾಗಿತ್ತು. ಕನ್ನಡದ ಹುಡುಗಿಯೆಂದು ಮೊದಲ ವಾರ ರೊಟ್ಟಿ ಒಯ್ದುಕೊಟ್ಟ ಉಮಾಕಾಂತ ಎರಡನೇ ವಾರಕ್ಕೇ ಹೊಟ್ಟೆ ಉರಿದುಕೊಂಡರು.

“ಊಟಕ್ಕ ಕುಂತ್ರೂ ಆ ಹುಡುಗಿ ಟ್ಯಾಂಕಿಂದೇ ಮಾತು. ನನ್ನ ಮ್ಯಾಲೂ ಇಷ್ಟು ಕಣ್ಣಿಟ್ಟಿರಲಿಲ್ಲ,” ಎನ್ನುತ್ತಾರೆ ಹೆಂಡತಿ ಜಲಜಾ.

ಫೆಬ್ರುವರಿಯ ಒಂದು ಮುಂಜಾನೆ ನಳಿನಿಯ ಪಂಪು ನಿಂತಿತು. ಉಮಾಕಾಂತ ಅಲ್ಲೇ ನಿಂತು ಕಣ್ತುಂಬ ನೋಡಿದರು. ಅದು ಮತ್ತೆ ಓಡತೊಡಗಿ, ಮುಖ ಸಪ್ಪೆ ಮಾಡಿಕೊಂಡು ತಮ್ಮ ತೊಟ್ಟಿಗೆ ಮರಳಿದಾಗ ಬೀಜ ಉದುರಿಸಿ ಐವತ್ತೈದು ನಿಮಿಷ ದಾಟಿತ್ತು. ಸದಾ ಶೇಕಡಾ ತೊಂಬತ್ತೊಂಬತ್ತು ಬರುತ್ತಿದ್ದ ಶುದ್ಧತೆ ಎಂಬತ್ತಾರಕ್ಕೆ ಇಳಿಯಿತು. ತೊಟ್ಟಿ ತಣಿಸುವ ನೀರು ಸಾಲಲಿಲ್ಲ ಎಂದು ಪಾಳಿಯ ಪುಸ್ತಕದಲ್ಲಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಬರೆದದ್ದು: ಸೋಸಲು ನಾನು ತಡಮಾಡಿದೆ.

ಮುಚ್ಚುತ್ತಿರುವುದು ಅವರ ತೊಟ್ಟಿಯನ್ನೇ.

ಅದು ತಿಳಿದ ಮರುದಿನ ನಳಿನಿ ಬಂದಳು. ಅವಳ ಮಾಲು ಹಿಟ್ಟಿನಷ್ಟು ನುಣ್ಣಗಿಳಿದು ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತಿತ್ತು. “ಸರ್, ಹರಳು ಬೆಳೆಸೋದು ನಂಗೆ ಬರಲ್ಲ. ಏಪ್ರಿಲ್‌ನಿಂದ ಅದನ್ನ ನೀವೇ ನೋಡ್ಕೋಬೇಕು,” ಎಂದಳು. ಎರಡು ದಿನ ಬಿಗುಮಾನ ಮಾಡಿ ಉಮಾಕಾಂತ ಒಪ್ಪಿಕೊಂಡರು.

ಈಗ ಹೊಟ್ಟೆಕಿಚ್ಚು ಇಳಿಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

“ಇಲ್ರೀ, ಈಗ್ಲೂ ಉರೀತದ. ಆ ಕಿಣ್ವ ಒಂದೇ ರೂಪ ಮಾಡ್ತದ, ಸುಖ ಅದ ಅದಕ್ಕ. ನನ್ನ ಮುಂದ ದಿನಾ ಎರಡೂ ಇರ್ತಿದ್ದವು. ಹತ್ತೊಂಬತ್ತು ವರ್ಷ ಆರಿಸಿ ಕೊಟ್ಟೀನಿ.”