ಬದುವಿಗೆ ಎರಡು ಹೆಸರು ಬರೆದ ಗಿರಿಜಕ್ಕ

ಗಿರಿಜಕ್ಕನನ್ನು ಹುಡುಕಿಕೊಂಡು ಬಂದವರಿಗೆ ಮೊದಲು ಕಾಣುತ್ತಿದ್ದುದು ಅವರ ಬೆನ್ನು. ಚನ್ನಗಿರಿಯ ನಮ್ಮ ನಕ್ಷೆ ಕೋಣೆಯ ಬಾಗಿಲು ದಕ್ಷಿಣಕ್ಕಿತ್ತು; ಅವರು ಉತ್ತರಕ್ಕೇ ಮುಖ ಮಾಡಿ ಕೂರುತ್ತಿದ್ದರು. "ನಕ್ಷೆ ತಲೆ ಎತ್ತಾಗೈತೋ ನನ್ನ ತಲೆನೂ ಅತ್ತಾಗೇ ಇರ್ಬೇಕಪ್ಪ. ಇಲ್ಲಾಂದ್ರೆ ಊರೇ ತಿರುವುಮುರುವಾಗತೈತೆ" ಎನ್ನುತ್ತಿದ್ದರು.

ರೈತರ ಸಂಘಕ್ಕೆ ಹೊಲಗಳ ನಕ್ಷೆ ಮಾಡುವುದು ನಮ್ಮ ಕೆಲಸ. ರೈತರು ಫೋನ್ ಹಿಡಿದು ತಮ್ಮ ಹೊಲವನ್ನು ಸುತ್ತುವರು. ನಡೆದ ಗೆರೆ ನಮ್ಮ ಉಚಿತ ತಂತ್ರಾಂಶದಲ್ಲಿ ಹೊಲದ ಆಕಾರವಾಗಿ ಮೂಡುವುದು. ಎರಡು ಹೊಲ ಒಂದರ ಮೇಲೊಂದು ಬಿದ್ದಲ್ಲಿ ಕೆಂಪು ಪಟ್ಟಿ. ಒಂದು ಗುಂಡಿ ಒತ್ತಿದರೆ ಅದು ಮಾಯ. ಆದರೆ ನಾವು ಮೊದಲು ಆರಿಸಿದ ಹೊಲ ಇಡಿಯಾಗಿ ಉಳಿಯುತ್ತಿತ್ತು, ಎರಡನೆಯದು ಕತ್ತರಿಸಿಹೋಗುತ್ತಿತ್ತು.

ಕೆರೆಬಿಳಚಿಯ ಹೊಲಗಳು ಬಂದದ್ದು ಸೋಮವಾರ. "ಬದು ಇದ್ದಲ್ಲೆಲ್ಲ ಕೆಂಪು" ಎಂದು ಆ ದಿನ ಡೈರಿಯಲ್ಲಿ ಬರೆದಿದ್ದೇನೆ. ಗುಂಡಿ ಒತ್ತಿ ಸಂಜೆಯೊಳಗೆ ಮುಗಿಸಿಬಿಡಬಹುದಲ್ಲ ಎಂದು ಗಿರಿಜಕ್ಕನಿಗೆ ಹೇಳಿದೆ.

"ಒತ್ತಿದ್ರೆ ಹೋಗತೈತೆ. ಯಾರ ಕೈಯಿಂದ ಹೋತು ಅಂತ ಅದು ಹೇಳಲ್ಲ. ಏಳು, ಹೋಗಿ ನೋಡಾಣ."

ಹಾಲಮ್ಮ, ರುದ್ರಪ್ಪ ಇಬ್ಬರ ಹೊಲಗಳ ನಡುವಿನ ಬದುವಿನ ಮೇಲೆ ಮಂಡಿಯೆತ್ತರ ಹುಲ್ಲು. ಇಬ್ಬರೂ ತಂತಮ್ಮ ಹೊಲದಿಂದ ದಾಟಿ ಬದುವಿನ ಆಚೆ ಬದಿಯಲ್ಲಿ ನಡೆದು, ಬದುವನ್ನು ತಮ್ಮ ಹೊಲಕ್ಕೇ ಸೇರಿಸಿಕೊಂಡಿದ್ದರು.

"ಹುಲ್ಲಾಗೆ ಹಾವು ಐತ್ರಿ, ಅದಕ್ಕೇ ಆಚೆಗೆ ನಡದೆ" ಎಂದ ರುದ್ರಪ್ಪ.

"ಹಾವಿಗಿಂತ ನಿನ್ನ ಆಸೆ ಉದ್ದ ಐತೆ ಬಿಡೋ!" ಎಂದ ಹಾಲಮ್ಮ ಗಿರಿಜಕ್ಕನ ಕಡೆ ತಿರುಗಿದಳು. "ಎಮ್ಮೆಗೆ ಈ ಹುಲ್ಲೇ ಗತಿ ಕಣವ್ವ. ಬದು ಅವನ ಹೆಸರಿಗೆ ಬರೆದ್ರೆ ಎಮ್ಮೆ ಮಾರಬೇಕಾಗತೈತೆ."

"ಹುಲ್ಲು ಯಾರು ಕೊಯ್ತೀರಿ?" ಎಂದರು ಗಿರಿಜಕ್ಕ.

ರುದ್ರಪ್ಪ ಕತ್ತು ಕೆರೆದುಕೊಂಡ. "ಒಂದ್ ವರ್ಷ ನಾನು, ಒಂದ್ ವರ್ಷ ಆಕೆ. ನಮ್ಮಪ್ಪನ ಕಾಲದಿಂದ ಹಂಗೇ ಐತೆ."

"ಈ ವರ್ಷ?"

"ಆಕೇದೇ" ಎಂದ, ಮೆಲ್ಲಗೆ.

ಗಿರಿಜಕ್ಕ ಕೆಂಪು ಪಟ್ಟಿಯನ್ನು ಅಳಿಸಲಿಲ್ಲ. ಅದನ್ನೇ ಬೇರೆ ಆಕಾರವಾಗಿ ಎತ್ತಿಟ್ಟು, ಎರಡೂ ಹೊಲಗಳಿಂದ ಅಷ್ಟನ್ನೇ ಕತ್ತರಿಸಿದರು. ತೆಳ್ಳನೆಯ ಬದು ನಕ್ಷೆಯಲ್ಲಿ ತಾನೇ ಒಂದು ತುಂಡಾಗಿ ನಿಂತಿತು. ಅದಕ್ಕೆ ಎರಡು ಹೆಸರು ಬರೆದರು. ಸಂಘದ ಮೇಲ್ವಿಚಾರಕರು ಫೋನ್ ಮಾಡಿ, ಒಂದು ತುಂಡಿಗೆ ಇಬ್ಬರು ಒಡೆಯರೇ ಎಂದು ರೇಗಿದರು.

"ನೆಲದ ಮ್ಯಾಲೆ ಹಂಗೇ ಐತ್ರಿ ಸಾರ್. ನಾನೇನು ಹೊಸದಾಗಿ ಹುಟ್ಟಿಸಿಲ್ಲ."

ಊರಿನ ಉಳಿದ ಬದುಗಳನ್ನೂ ಹೀಗೇ ಕೇಳಿ ಕೇಳಿ ಮುಗಿಸಿದೆವು. ಕೆಲಸ ವಾರಗಟ್ಟಲೆ ತಡವಾಯಿತು. ಬೈಗುಳವನ್ನೆಲ್ಲ ಗಿರಿಜಕ್ಕನೇ ತಿಂದರು. ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ.

ಆಮೇಲೆ ಅವರನ್ನು ಜಗಳೂರಿಗೆ ಕಳಿಸಿದರು. ಹೊನ್ನಾಳಿ, ನ್ಯಾಮತಿ ನನ್ನ ಪಾಲಿಗೆ ಬಂದವು. ಬಸ್ ನಿಲ್ದಾಣದಲ್ಲಿ ಅವರ ಚೀಲ ಎತ್ತಿಕೊಡುತ್ತ ಕೇಳಿದೆ: "ಅಕ್ಕಾ, ಏನಾದ್ರೂ ಅನುಮಾನ ಬಂದ್ರೆ ಫೋನ್ ಮಾಡ್ಲಾ?"

ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು. "ನನಗೇನು ಜಗಳೂರಾಗೆ ಕುಂತ್ರೆ ನ್ಯಾಮತಿ ಬದು ಕಾಣತೈತಾ? ಹುಲ್ಲು ಕೊಯ್ಯೋರನ್ನ ಹೋಗಿ ಕೇಳು."